"ಬಿಡಿಸ್ಬಿಟ್ಟಿದೀನಿ ಮೇಡಂ, ಎರಡು ದಿನ ಆಯ್ತು"

ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಬಸುರಿಯ ಮಾತ್ರೆ ಚಟವನ್ನು ಮನೆಯಲ್ಲೇ ಥಟ್ಟನೆ ಬಿಡಿಸುವ ತಪ್ಪು ಮತ್ತೆ ಮತ್ತೆ ನನ್ನೆದುರು ಬಂದು ಕೂರುವುದರಿಂದ ಬರೆಯುತ್ತಿದ್ದೇನೆ.

ಇಪ್ಪತ್ಮೂರರ ಹೆಣ್ಣುಮಗಳು, ಐದು ತಿಂಗಳ ಬಸುರಿ. ಟಪೆಂಟಡಾಲ್ ಎಂಬ ನೋವಿನ ಮಾತ್ರೆಯ ಚಟ ಗಂಡನಿಂದ ಅಂಟಿದ್ದು. ಕರೆತಂದ ಅಮ್ಮ ಹೆಮ್ಮೆಯಿಂದ, "ಬಿಡಿಸ್ಬಿಟ್ಟಿದೀನಿ ಮೇಡಂ, ಎರಡು ದಿನ ಆಯ್ತು. ರೂಮಿಗೆ ಚಿಲಕ ಹಾಕಿದೀನಿ" ಅಂದರು.

ಮಗಳು ಮೈತುಂಬ ದುಪಟ್ಟ ಹೊದ್ದು ನಡುಗುತ್ತಿದ್ದಳು. ಮೂಗು ಸೋರುತ್ತಿತ್ತು, ಆಕಳಿಕೆ ನಿಲ್ಲುತ್ತಿರಲಿಲ್ಲ. ಕೈಲಿದ್ದ ಬಸುರಿಯರ 'ತಾಯಿ ಕಾರ್ಡ್' ಅನ್ನು ಸುರುಳಿ ಸುತ್ತುತ್ತಾ, ಬಿಚ್ಚುತ್ತಾ, "ಹೊಟ್ಟೆ ಹಿಂಡ್ತಿದೆ" ಅಂದಳು. ಆಮೇಲೆ ಮೆಲ್ಲಗೆ, "ನಂಗೆ ಹಿಂಗಾದ್ರೆ ಒಳಗಿರೋದಕ್ಕೂ ಹಿಂಗೇ ಆಗುತ್ತಾ?"

"ಅದಕ್ಕೂ ತೊಂದರೆ ಆಗುತ್ತಮ್ಮ" ಅಂದೆ. ಸುಳ್ಳು ಸಮಾಧಾನ ಹೇಳಲು ಬಾಯಿ ಬರಲಿಲ್ಲ. ಇಂಥ ಮಾತ್ರೆಯನ್ನು ಬಸುರಿ ಥಟ್ಟನೆ ನಿಲ್ಲಿಸಿದರೆ ಗರ್ಭ ಜಾರಬಹುದು, ದಿನ ತುಂಬುವ ಮುಂಚೆ ನೋವು ಬರಬಹುದು.

"ಹಂಗಾದ್ರೆ ತಗೋ ಅಂತೀರಾ?" ಅಮ್ಮ ಎದ್ದೇ ನಿಂತರು.

ಅಂಗಡಿಯದ್ದಲ್ಲ, ಆಸ್ಪತ್ರೆಯದ್ದು ಎಂದೆ. ಮನೋವೈದ್ಯರೂ ಹೆರಿಗೆ ವೈದ್ಯರೂ ಇರುವ ಕಡೆಗೆ ಆಗಲೇ ಕಳಿಸಿದೆ. ಅಲ್ಲಿ ಚಟದ ಚಿಕಿತ್ಸೆಗೆ ಕೊಡುವ, ನಾಲಗೆ ಕೆಳಗಿಡುವ ಬುಪ್ರೆನಾರ್ಫಿನ್ ಮಾತ್ರೆ ಶುರುವಾಯಿತು. "ಒಂದು ಚಟಕ್ಕೆ ಇನ್ನೊಂದು ಚಟವೇ?" ಎಂದು ನನ್ನ ಜೊತೆ ಕೆಲಸ ಮಾಡುವವರೇ ಕೇಳಿದ್ದುಂಟು. ಅಲ್ಲ. ಅಳತೆಯ ಔಷಧಿ ಮೈಯನ್ನು ಒಂದೇ ಹದದಲ್ಲಿಡುತ್ತದೆ. ಅವಳು ತಪ್ಪದೆ ತಪಾಸಣೆಗೆ ಬರುತ್ತಾಳೆ. ಓಪಿಯಾಯ್ಡ್ (ಅಫೀಮಿನಂತೆ ಕೆಲಸ ಮಾಡುವ, ಟಪೆಂಟಡಾಲ್‌ನಂಥ ಔಷಧಿ) ಚಟವಿರುವ ಗರ್ಭಿಣಿಗೆ, ಬಿಡಿಸಲು ಹೋಗುವುದಕ್ಕಿಂತ ಈ ಚಿಕಿತ್ಸೆಯೇ ಮೇಲೆಂದು ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲೇ ಹೇಳಿದೆ.

ಮನೆಯವರು ಆಸ್ಪತ್ರೆಗೆ ಕರೆತರದೆ ಚಿಲಕ ಹಾಕುವುದು ಕ್ರೌರ್ಯದಿಂದಲ್ಲ, ಮರ್ಯಾದೆಯ ಭಯದಿಂದ. ಚಿಕಿತ್ಸೆಯ ವಿಷಯ ಗುಟ್ಟಾಗಿರಬೇಕೆಂಬುದು 2017ರ ಮಾನಸಿಕ ಆರೋಗ್ಯ ಕಾಯ್ದೆಯೇ ಕೊಟ್ಟ ಹಕ್ಕು. ಎಲ್ಲಿಗೆ ಹೋಗಬೇಕೆಂದು ತೋಚದವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕನ್ನಡದಲ್ಲೇ ಕೇಳಬಹುದು.

ಅಮ್ಮನಿಗೆ ಎರಡು ಕೆಲಸ ಹೇಳಿದೆ: ಚಿಲಕ ತೆಗೀರಿ, ಮಾತ್ರೆ ನಾಲಗೆ ಕೆಳಗೆ ಕರಗುವವರೆಗೆ ಮಾತಾಡಿಸದೆ ಪಕ್ಕದಲ್ಲಿ ಕೂತಿರಿ.

ಹೊಟ್ಟೆಯಲ್ಲಿದ್ದಾಗ ಸಿಗುತ್ತಿದ್ದ ಔಷಧಿ ನಿಂತಿದ್ದರಿಂದ, ಹುಟ್ಟಿದ ಮೂರನೇ ದಿನ ಮಗು ನಡುಗಿತು, ಕೀರಲು ದನಿಯಲ್ಲಿ ಅತ್ತಿತು. ಹೀಗಾಗಬಹುದು, ಚಿಕಿತ್ಸೆಯಿದೆ ಎಂದು ಮೊದಲೇ ಹೇಳಿದ್ದರಿಂದ ಅವಳು ಗಾಬರಿಯಾಗಲಿಲ್ಲ. ವೈದ್ಯರು ಎದೆಹಾಲು ಕೊಡಬಹುದೆಂದಿದ್ದರು. ನಾನು ಹೋದಾಗ ಮಗುವನ್ನು ಬರಿಮೈಗೆ ಅವಚಿಕೊಂಡು ಕೂತಿದ್ದಳು. ಅಮ್ಮ ಕಿಟಕಿಯ ಪರದೆ ಎಳೆದು, ಬಾಗಿಲು ಸದ್ದಾಗದಂತೆ ಹಿಡಿದುಕೊಂಡಿದ್ದರು.