ಕೌಬಾಯ್ ಮರಕ್ಕೆ ಕೊಟ್ಟಿಗೆ ಅಟ್ಟದ ಸಾಮಾನು

ಪ್ರಶ್ನೆ: ನಮಸ್ಕಾರ ಅಕ್ಕ. ನಮ್ಮದು ಸಣ್ಣ ಕಾಫಿ ತೋಟ. ಪ್ರತಿ ಕ್ರಿಸ್ಮಸ್‌ಗೂ ಅದೇ ಪ್ಲಾಸ್ಟಿಕ್ ಮರ, ಅದೇ ಕೆಂಪು ಚೆಂಡು. ಈ ಸಲ ಮಗ ಬೆಂಗಳೂರಿನಿಂದ ಫೋನ್ ಮಾಡಿ ‘ಅಮ್ಮ, ವೆಸ್ಟರ್ನ್ ಸ್ಟೈಲ್ ಮಾಡೋಣ’ ಅಂದ. ಒಂದು ಫೋಟೋನೂ ಕಳಿಸಿದ್ದಾನೆ. ಮರದ ತುಂಬಾ ಹಗ್ಗ, ಪುಟ್ಟ ಬೂಟು, ಕುದುರೆ ಲಾಳ, ತುದಿಯಲ್ಲಿ ತಗಡಿನ ನಕ್ಷತ್ರ. ಇದೆಲ್ಲ ಎಲ್ಲಿ ಸಿಗುತ್ತೆ? ಯಾವ ಮರ ತಂದರೆ ಒಳ್ಳೆಯದು?
– ಓದುಗರೊಬ್ಬರು, ಬಾಳೆಹೊನ್ನೂರು

ಉತ್ತರ: ಪತ್ರ ಓದಲು ಶುರು ಮಾಡಿದಾಗ ನನಗೂ ಗೊಂದಲವಾಯಿತು. ನಮ್ಮಲ್ಲಿ ವೆಸ್ಟರ್ನ್ ಅಂದರೆ ಒಂದೋ ಜೀನ್ಸ್ ಟಾಪು, ಇಲ್ಲಾಂದ್ರೆ ಬಚ್ಚಲಮನೆಯ ಕಮೋಡು. ಲಾಳ, ಬೂಟು ಅಂತ ಬಂದ ಮೇಲೆ ಗೊತ್ತಾಯಿತು, ನಿಮ್ಮ ಮಗ ಹೇಳುತ್ತಿರುವುದು ಅಮೆರಿಕದ ಕೌಬಾಯ್‌ಗಳ ಶೈಲಿ. ಕೌಬಾಯ್ ಅಂದರೆ ಸಿನಿಮಾದಲ್ಲಿ ಪಿಸ್ತೂಲು ತಿರುಗಿಸುವವನು ಅಂತ ನಾವು ಅಂದುಕೊಂಡಿದ್ದೇವೆ. ನಿಜಕ್ಕೂ ಅವನು ದನ ಕಾಯುವವನು. 1860ರ ದಶಕದ ಕೊನೆಯಿಂದ ಟೆಕ್ಸಸ್‌ನ ದನಗಳನ್ನು ಕಾನ್ಸಾಸ್‌ನ ರೈಲು ನಿಲ್ದಾಣಗಳವರೆಗೆ ವಾರಗಟ್ಟಲೆ ಹೊಡೆದುಕೊಂಡು ಹೋಗುತ್ತಿದ್ದರಲ್ಲ, ಅವರು. ಹಾಗಾಗಿ ಆ ಫೋಟೋದಲ್ಲಿರುವ ಮುಕ್ಕಾಲು ಪಾಲು ಸಾಮಾನು ಯಾವುದೇ ಕೊಟ್ಟಿಗೆಯಲ್ಲಿ ಇರುವಂಥದ್ದೇ. ಅಂಗಡಿಗೆ ಹೋಗುವ ಮೊದಲು ನಿಮ್ಮ ಅಟ್ಟ ಹತ್ತಿ ನೋಡಿ.

ಮೊದಲು ಮರದ ವಿಷಯ. ಅಲ್ಲಿಯವರು ಡಗ್ಲಸ್ ಫರ್, ಫ್ರೇಸರ್ ಫರ್, ನೋಬಲ್ ಫರ್ ಅಂತ ಸೂಜಿ ಎಲೆಯ ಮರ ತರುತ್ತಾರೆ. ಅದರಲ್ಲೂ ನೋಬಲ್ ಫರ್‌ನ ಕೊಂಬೆ ಗಟ್ಟಿ, ಕಬ್ಬಿಣ ನೇತು ಹಾಕಿದರೂ ಅಲ್ಲಾಡುವುದಿಲ್ಲ. ನಮ್ಮ ನರ್ಸರಿಗಳಲ್ಲಿ ಕ್ರಿಸ್ಮಸ್ ಟ್ರೀ ಅಂತ ಕುಂಡದಲ್ಲಿ ಕೊಡುವುದು ಹೆಚ್ಚಾಗಿ ಅರೊಕೇರಿಯಾ. ಅದು ಪೆಸಿಫಿಕ್ ಸಾಗರದ ದ್ವೀಪಗಳ ಗಿಡ, ನಮ್ಮ ಹವೆಗೆ ಚೆನ್ನಾಗಿ ಹೊಂದಿಕೊಳ್ಳುತ್ತದೆ. ನೋಡೋಕೆ ಬಲು ಚಂದ, ಛತ್ರಿ ಕಡ್ಡಿ ಬಿಚ್ಚಿಟ್ಟ ಹಾಗೆ ಅಂತಸ್ತು ಅಂತಸ್ತಾಗಿ ಕೊಂಬೆ. ಆದರೆ ಕೊಂಬೆ ಮೆತ್ತಗೆ. ನಾನೇ ಒಂದು ವರ್ಷ ಹುರುಪಿನಲ್ಲಿ ಅದಕ್ಕೆ ನಾಲ್ಕು ಕುದುರೆ ಲಾಳ ಕಟ್ಟಿದ್ದೆ. ಸಂಜೆಗೇ ಕೆಳಗಿನ ಕೊಂಬೆಗಳು ನೆಲ ನೋಡಿದವು. ಹಬ್ಬ ಮುಗಿದು ಲಾಳ ಬಿಚ್ಚಿದರೂ ಮೇಲೇಳಲಿಲ್ಲ, ಒಂದಂತೂ ಒಣಗಿಯೇ ಹೋಯಿತು. ಈ ಗಿಡದಲ್ಲಿ ಹೋದ ಕೊಂಬೆಯ ಜಾಗದಲ್ಲಿ ಇನ್ನೊಂದು ಬರುವುದಿಲ್ಲ. ಆ ಬೋಳು ಜಾಗವನ್ನು ಗೋಡೆ ಕಡೆ ತಿರುಗಿಸಿ ಇಟ್ಟಿದ್ದೇನೆ, ಈಗಲೂ.

ಸರ್ವೆ ಕೊಂಬೆ ಅರಸೀಕೆರೆ ಕಡೆ ಸುಲಭಕ್ಕೆ ಸಿಗುತ್ತದೆ, ನಾಲ್ಕು ದಿನ ಹಸಿರಾಗಿರುತ್ತದೆ, ಆಮೇಲೆ ಮನೆ ತುಂಬಾ ಸೂಜಿ ಕಸ. ಇಪ್ಪತ್ತಮೂರಕ್ಕೋ ಇಪ್ಪತ್ನಾಲ್ಕಕ್ಕೋ ಕಟ್ಟುವವರಿಗೆ ಸರಿ.

ನಿಮಗೆ ನಾನು ಹೇಳುವುದಾದರೆ ಎರಡೇ ದಾರಿ. ಒಂದು, ಅದೇ ಹಳೇ ಪ್ಲಾಸ್ಟಿಕ್ ಮರ. ನಗಬೇಡಿ. ಅದರ ಕೊಂಬೆಯೊಳಗೆ ತಂತಿ ಇದೆ, ಬೇಕಾದ ಕಡೆ ಬಗ್ಗುತ್ತದೆ, ಭಾರ ತಡೆಯುತ್ತದೆ. ಹಗ್ಗ, ಗೋಣಿ ಬಿದ್ದ ಮೇಲೆ ಪ್ಲಾಸ್ಟಿಕ್ ಹೊಳಪು ಅರ್ಧ ಮುಚ್ಚಿಹೋಗುತ್ತದೆ. ಎರಡನೆಯದು ನನಗೆ ಇನ್ನೂ ಇಷ್ಟ: ಎಲೆ ಇಲ್ಲದ ಒಣ ಕೊಂಬೆ. ಕೌಬಾಯ್ ನಾಡು ಅಂದರೆ ಬಯಲು, ಧೂಳು, ಒಣ ಹುಲ್ಲು. ಅಲ್ಲಿಗೆ ದಟ್ಟ ಹಸಿರಿಗಿಂತ ಬೋಳು ಕೊಂಬೆಯೇ ಒಪ್ಪುತ್ತದೆ. ಹಳೇ ರೊಬಸ್ಟಾ ಕಾಫಿ ಗಿಡ ಬೋಳಿಸಿದಾಗ ಬಿದ್ದ, ಚೆನ್ನಾಗಿ ಕವಲೊಡೆದ ಐದಡಿ ಕೊಂಬೆ ಇದ್ದರೆ ತನ್ನಿ. ಒಂದು ಎಚ್ಚರ. ಕಾಂಡಕೊರಕ ದುಂಬಿ ಬಿದ್ದು ಕಿತ್ತ ಅರೇಬಿಕಾ ಕಾಫಿ ಗಿಡವನ್ನು ಮಾತ್ರ ತರಬೇಡಿ. ಅಕ್ಟೋಬರ್‌ನಿಂದ ಡಿಸೆಂಬರ್ ಅಂದರೆ ಆ ದುಂಬಿ ಕಾಂಡ ಕೊರೆದು ಹೊರಗೆ ಹಾರುವ ಕಾಲ. ಜಗಲಿಯಲ್ಲಿ ಅಲಂಕಾರ ಮಾಡಿಟ್ಟು ಅಲ್ಲಿಂದ ತೋಟಕ್ಕೆ ನೀವೇ ದುಂಬಿ ಬಿಟ್ಟ ಹಾಗಾಗುತ್ತದೆ. ಅಂಥ ಗಿಡ ಸುಡುವುದಕ್ಕೇ ಸರಿ.

ಕೊಂಬೆಯನ್ನು ಹಳೇ ಬಕೆಟ್‌ನಲ್ಲಿ ನಿಲ್ಲಿಸಿ, ಸುತ್ತ ದಪ್ಪ ಕಲ್ಲು, ಮೇಲೆ ಮರಳು. ಅಲ್ಲಾಡಿಸಿ ನೋಡಿ. ಬಕೆಟ್ ಮುಚ್ಚಲು ಗೋಣಿಚೀಲ. ಕಾಫಿ ತುಂಬಿದ್ದ ಹಳೇ ಚೀಲ ಇದ್ದರೆ ಅದರ ಮೇಲಿನ ಕಪ್ಪು ಅಕ್ಷರ ಎದುರಿಗೆ ಕಾಣುವ ಹಾಗೆ ಸುತ್ತಿ, ಅಂಚಿನ ನಾಲ್ಕು ಎಳೆ ಬಿಚ್ಚಿ ಜೂಲು ಬಿಡಿ. ಮೊದಲೇ ಒಗೆದು ಎರಡು ಬಿಸಿಲು ಒಣಗಿಸಿ, ಇಲ್ಲದಿದ್ದರೆ ಬಂದವರೆಲ್ಲ ಸೀನುತ್ತಾರೆ.

ಆಮೇಲೆ ದೀಪ. ಯಾವಾಗಲೂ ದೀಪವೇ ಮೊದಲು, ಉಳಿದದ್ದೆಲ್ಲ ಅದರ ಮೇಲೆ. ಲಾಟೀನಿನ ಬೆಳಕಿನ ಥರ ಹಳದಿ ಮಿಶ್ರಿತ ಬಿಳಿ ಎಲ್‌ಇಡಿ ಸರ ಒಂದೇ ಬಣ್ಣದ್ದು ಸಾಕು, ಮಿಣಮಿಣ ಅನ್ನಿಸಬೇಡಿ. ಎಡಿಸನ್ ಜೊತೆ ಕೆಲಸ ಮಾಡುತ್ತಿದ್ದ ಎಡ್ವರ್ಡ್ ಜಾನ್ಸನ್ 1882ರಲ್ಲಿ ನ್ಯೂಯಾರ್ಕಿನ ತನ್ನ ಮನೆಯ ಮರಕ್ಕೆ 80 ಬಲ್ಬು ಹಾಕಿದ್ದ, ಕೆಂಪು, ಬಿಳಿ, ನೀಲಿ. ವಿದ್ಯುತ್ ದೀಪದ ಮೊದಲ ಕ್ರಿಸ್ಮಸ್ ಮರ ಅದೇ. ಅದಕ್ಕೂ ಮುಂಚೆ ಜನ ಮೇಣದ ಬತ್ತಿ ಹಚ್ಚುತ್ತಿದ್ದರು. ಗೋಣಿ, ಒಣ ಕೊಂಬೆ, ಸೆಣಬಿನ ಹಗ್ಗ ಇರುವ ಕಡೆ ಮೇಣದ ಬತ್ತಿ ಬೇಡವೇ ಬೇಡ.

ಹಗ್ಗ. ಇದೇ ಈ ಶೈಲಿಯ ಜೀವ. ಸೆಣಬಿನ ಹಗ್ಗ ಕಿರುಬೆರಳಿನ ದಪ್ಪ ಇರಲಿ, ತೆಂಗಿನ ನಾರಿನದಾದರೂ ಆದೀತು. ಮರಕ್ಕೆ ಬಿಗಿಯಾಗಿ ಸುತ್ತಬೇಡಿ, ಸೌದೆ ಹೊರೆ ಕಟ್ಟಿದ ಹಾಗೆ ಕಾಣುತ್ತದೆ. ಕೊಂಬೆಯಿಂದ ಕೊಂಬೆಗೆ ಜೋತು ಬಿಡಿ, ಮಧ್ಯ ಇಳಿದಿರಲಿ. ಒಂದು ತುದಿಗೆ ಜಾರುಗಂಟು ಹಾಕಿ ಕುಣಿಕೆಯನ್ನು ಬುಡದಲ್ಲಿ ಸುಮ್ನೆ ಬಿಟ್ಟರೆ, ಈಗಷ್ಟೇ ಯಾರೋ ಎಸೆದು ಹೋದಂತಿರುತ್ತದೆ.

ಲಾಳಕ್ಕೆ ಬರೋಣ. ನಿಮ್ಮ ಅಟ್ಟದಲ್ಲಿ ಸಿಗುವುದು ಎತ್ತಿನ ಲಾಳ. ಎತ್ತಿನ ಗೊರಸು ಸೀಳು, ಆದ್ದರಿಂದ ಒಂದು ಕಾಲಿಗೆ ಎರಡು ತುಂಡು, ಒಂದೊಂದೂ ಹುಣಸೆಕಾಯಿಯ ಥರ ಬಾಗಿದ ತೆಳು ಪಟ್ಟಿ. ಕುದುರೆಯದು ಒಂದೇ ತುಂಡು, ಕಾಲು ಕೆಜಿಗೂ ಜಾಸ್ತಿ ತೂಗುತ್ತದೆ. ನನ್ನ ಪ್ರಕಾರ ಎತ್ತಿನ ಲಾಳವೇ ಮೇಲು. ಹಗುರ, ಮೊಳೆ ತೂತು ಮೊದಲೇ ಇದೆ, ಸುತಲಿ ಪೋಣಿಸಿದರೆ ಮುಗಿಯಿತು. ತುಕ್ಕು ಪೂರ್ತಿ ಉಜ್ಜಬೇಡಿ, ಉದುರುವ ಪುಡಿಯನ್ನಷ್ಟೇ ಕೆರೆದು ಒಂದು ಹನಿ ಕೊಬ್ಬರಿ ಎಣ್ಣೆ ಸವರಿ. ಜೊತೆಗೆ ದನದ ಕೊರಳ ಗಂಟೆ, ಹಳೇ ಗೆಜ್ಜೆ ಪಟ್ಟಿ. ಭಾರದ್ದೆಲ್ಲ ಕಾಂಡದ ಹತ್ತಿರ, ಹಗುರದ್ದು ತುದಿಗೆ.

ಅಂಗಡಿಯ ಸೆಟ್‌ಗಳಲ್ಲಿ ಟೆಕ್ಸಸ್‌ನ ಲಾಂಗ್‌ಹಾರ್ನ್ ದನದ ತಲೆ ಇರುತ್ತದೆ, ಕೊಂಬು ಎರಡು ಕಡೆಗೂ ಕೈ ಚಾಚಿದ ಹಾಗೆ. ನಮ್ಮ ಜಿಲ್ಲೆಯ ಅಜ್ಜಂಪುರದಲ್ಲಿ ಅಮೃತ್ ಮಹಲ್ ತಳಿ ಕೇಂದ್ರವೇ ಇದೆ. ಮೈಸೂರು ಒಡೆಯರ ಕಾಲದ ಬೆಣ್ಣೆ ಚಾವಡಿಗೆ, ಅಂದರೆ ಅರಮನೆಯ ದನಗಳ ಇಲಾಖೆಗೆ, ಟಿಪ್ಪು ಅಮೃತ್ ಮಹಲ್ ಅಂತ ಹೆಸರಿಟ್ಟ, ಆ ದನಗಳು ಮೇಯುವ ಕಾವಲುಗಳು ಇವತ್ತಿಗೂ ಇವೆ. ಆ ದನದ ಕೊಂಬು ಹಣೆಯಿಂದ ಹತ್ತಿರ ಹತ್ತಿರವೇ ಎದ್ದು ಹಿಂದಕ್ಕೆ ಬಾಗಿ, ತುದಿ ಸೂಜಿಯಾಗಿ ಮೇಲೆ ಚುಚ್ಚುತ್ತದೆ. ಹಳೇ ರಟ್ಟಿನ ಡಬ್ಬದಲ್ಲಿ ಅದನ್ನು ಕತ್ತರಿಸಿ, ಕಾಫಿ ಡಿಕಾಕ್ಷನ್ ಬಳಿದು ಒಣಗಿಸಿ ನೇತು ಹಾಕಿ ನೋಡಿ. ಮಗ ಕಳಿಸಿದ ಫೋಟೋದಲ್ಲಿ ಇದು ಇರುವುದಿಲ್ಲ!

ಬಣ್ಣಕ್ಕೆ ಕೆಂಪು ಬಂಡಾನ. ಕೌಬಾಯ್ ಕೊರಳಿಗೆ ಕಟ್ಟುವ ಚೌಕ. ಈ ಹೆಸರೇ ನಮ್ಮ ದೇಶದ್ದು. ಗಂಟು ಕಟ್ಟಿ ಬಣ್ಣ ಹಾಕುವ ಬಾಂಧ್ನೂ ಬಟ್ಟೆಯಿಂದ ಬಂಡಾನ ಆಯಿತು. ಅದರ ಮೇಲಿನ ಚಿತ್ತಾರ ನಮ್ಮ ಸೀರೆಗಳ ಮಾವಿನಕಾಯಿಯೇ. ಹಳೇ ಕಾಟನ್ ಸೀರೆಯ ಸೆರಗಿನಲ್ಲಿ ಮಾವಿನಕಾಯಿ ಇದ್ದರೆ ಅಂಗೈಯಗಲ ತ್ರಿಕೋನ ಕತ್ತರಿಸಿ ಕೊಂಬೆಗೆ ಗಂಟು ಹಾಕಿ. ಹತ್ತು ಹನ್ನೆರಡು ಗಂಟು ಸಾಕು. ಹರಿದ ಜೀನ್ಸ್‌ನ ಜೇಬು ಬಿಚ್ಚಿಟ್ಟುಕೊಳ್ಳಿ, ಪುಟ್ಟ ಉಡುಗೊರೆ ಇಡೋಕೆ ಅದಕ್ಕಿಂತ ಒಳ್ಳೆ ಚೀಲ ಇಲ್ಲ. ಜೇಬಿನ ಮೂಲೆಯ ತಾಮ್ರದ ಗುಂಡಿಗೆ (ರಿವೆಟ್) ಲೀವೈ ಸ್ಟ್ರಾಸ್ ಮತ್ತು ಜೇಕಬ್ ಡೇವಿಸ್ 1873ರಲ್ಲಿ ಪೇಟೆಂಟ್ ಪಡೆದಿದ್ದರು, ಗಣಿ ಕೆಲಸಗಾರರ ಪ್ಯಾಂಟು ಹರಿಯದಿರಲಿ ಅಂತ.

ಸರ ಬೇಕು ಅನಿಸಿದರೆ, ಅಮೆರಿಕದಲ್ಲಿ ಪಾಪ್‌ಕಾರ್ನ್ ಮತ್ತು ಕ್ರ್ಯಾನ್‌ಬೆರಿ ಅನ್ನುವ ಕೆಂಪು ಹಣ್ಣು ಪೋಣಿಸುತ್ತಾರೆ. ನೀವು ಪಾಪ್‌ಕಾರ್ನ್ ಜೊತೆ ಒಣಗಿದ ಕಾಫಿ ಚೆರಿ ಪೋಣಿಸಿ. ಕುಯ್ದ ಹಸಿ ಹಣ್ಣು ಬೇಡ, ರಸ ಇಳಿದು ಗೋಣಿಗೆ ಕಲೆಯಾಗುತ್ತದೆ. ಕೆಂಪಗಿದೆ ಅಂತ ಗುಲಗಂಜಿಗೆ ಕೈ ಹಾಕಬೇಡಿ, ಅದು ವಿಷ. ತೂತು ಮಾಡಿದ ಕಾಳು ಮಗುವಿನ ಹೊಟ್ಟೆಗೆ ಹೋದರೆ ಜೀವಕ್ಕೇ ಅಪಾಯ. ಮುಳ್ಳುತಂತಿಯ ಹಾರವನ್ನೂ ಕೆಲವರು ಮಾಡುತ್ತಾರೆ. ನಾನಂತೂ ಮಾಡಲ್ಲ.

ತುದಿಗೆ ನಕ್ಷತ್ರ. ಎಣ್ಣೆ ಡಬ್ಬದ ತಗಡಿನಲ್ಲಿ ಐದು ಮೂಲೆ ಕತ್ತರಿಸಿ, ಅಂಚನ್ನು ಮಡಿಸಿ ಬಡಿಯಿರಿ. ಟೋಪಿ ಇಡೋಣ ಅಂತ ಮಗ ಹೇಳಬಹುದು. ನಾನು ಅಡಿಕೆ ಹಾಳೆ ಟೋಪಿ ಇಟ್ಟು ನೋಡಿದೆ, ಕೌಬಾಯ್ ಬದಲು ತೋಟಕ್ಕೆ ಹೊರಟ ನಮ್ಮ ದೊಡ್ಡಪ್ಪನ ಹಾಗೆ ಕಂಡಿತು.

ಪ್ರಶ್ನೆ: ತೋಟದ ಅಂಚಿನ ಎಳೆ ಸಿಲ್ವರ್ ಓಕ್ ತುದಿ ಕಡಿದು ಕ್ರಿಸ್ಮಸ್ ಮರ ಮಾಡಬಹುದಾ ಅಕ್ಕ?
– ಸಕಲೇಶಪುರದಿಂದ

ಉತ್ತರ: ಕಡಿಯಬೇಡಿ. ತುದಿ ಹೋದರೆ ಮರ ನೆಟ್ಟಗೆ ಬೆಳೆಯುವುದು ಅಲ್ಲಿಗೇ ನಿಂತು ಪಕ್ಕದ ಕವಲುಗಳು ಏಳುತ್ತವೆ, ಮುಂದೆ ಮೆಣಸಿನ ಬಳ್ಳಿ ಹಬ್ಬಿಸುವಾಗ ನೀವೇ ಬೈದುಕೊಳ್ಳುತ್ತೀರಿ. ಮರಗಸಿ, ಅಂದರೆ ನೆರಳು ಮರಗಳ ಕೊಂಬೆ ಸವರುವ ಕಾಲವೂ ಇದಲ್ಲ. ಬೇಕಿದ್ದರೆ ಬಿದ್ದ ಎಲೆ ಆರಿಸಿಕೊಳ್ಳಿ. ಜರಿಗಿಡದಂಥ ಎಲೆ, ಹಿಂಭಾಗ ಬೆಳ್ಳಗೆ ಹೊಳೆಯುತ್ತದೆ, ಗೋಣಿಯ ಪಕ್ಕ ಬೆಳ್ಳಿ ಕಾಗದಕ್ಕಿಂತ ಚೆನ್ನ.

ಪ್ರಶ್ನೆ: ಮಕ್ಕಳು ಕೌಬಾಯ್ ಗೊಂಬೆ ತಂದು ಗೋದಲಿ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ) ಒಳಗೇ ಕುರುಬರ ಪಕ್ಕ ನಿಲ್ಲಿಸಿದ್ದಾರೆ. ಅತ್ತೆಯವರಿಗೆ ಸಿಟ್ಟು ಬಂದು ಎರಡು ದಿನದಿಂದ ಮಾತಿಲ್ಲ. ಏನು ಮಾಡಲಿ?
– ಹಾಸನದ ಗೃಹಿಣಿ

ಉತ್ತರ: ಅತ್ತೆಯವರ ಪರ ನಾನು. ಮರ ನಮ್ಮ ಖುಷಿಗೆ, ಅದರ ಮೇಲೆ ಬೂಟಾದರೂ ತೂಗಲಿ. ಗೋದಲಿ ಪೂಜ್ಯವಾದದ್ದು, ಅದನ್ನು ಅವರು ಕಟ್ಟಿಕೊಂಡು ಬಂದ ಹಾಗೇ ಬಿಡಿ. ಗೊಂಬೆಯನ್ನು ಮಕ್ಕಳ ಕೈಯಲ್ಲೇ ತೆಗೆಸಿ ಮರದ ಬುಡದ ಹಗ್ಗದ ಪಕ್ಕ ಕೂರಿಸಿ. ಹಾಗೇ ಗೋದಲಿಗೆ ಹುಲ್ಲು ಹಾಸುವ ಕೆಲಸ ಮಕ್ಕಳಿಗೆ ಹೇಳಿಕೊಡಿ ಅಂತ ಅತ್ತೆಯವರನ್ನೇ ಕೇಳಿ. ಕ್ರಿಸ್ಮಸ್ ಸಿಹಿತಿಂಡಿ ಕಲ್‌ಕಲ್ ಕರಿಯುವ ಹೊತ್ತಿಗೆ ಕೇಳಿದರೆ ಇನ್ನೂ ಒಳ್ಳೆಯದು, ಎಣ್ಣೆ ಕಾದಿರುವಾಗ ಯಾರೂ ಜಾಸ್ತಿ ಹೊತ್ತು ಮುನಿಸಿಕೊಂಡು ಕೂರುವುದಿಲ್ಲ.

ಪ್ರಶ್ನೆ: ನಾವು ಕ್ರೈಸ್ತರಲ್ಲ. ಮಗಳು ಮರ ಬೇಕೇ ಬೇಕು ಅಂತ ಹಟ ಹಿಡಿದಿದ್ದಾಳೆ. ಇಡಬಹುದಾ? ಯಾವಾಗ ತೆಗೆಯಬೇಕು?
– ಓದುಗರು, ಕಡೂರು

ಉತ್ತರ: ಧಾರಾಳವಾಗಿ ಇಡಿ. ಬಾಲಯೇಸುವನ್ನು ನೋಡಲು ಬಂದ ಮೂವರು ರಾಯರ ಹಬ್ಬದವರೆಗೆ, ಅಂದರೆ ಜನವರಿ 6ರವರೆಗೆ, ಇಡುವುದು ರೂಢಿ. ಕುಂಡದ ಅರೊಕೇರಿಯಾ ತಂದಿದ್ದರೆ ಕಿಟಕಿ ಪಕ್ಕ ಬೆಳಕಿಗಿಡಿ, ಮೇಲ್ಮಣ್ಣು ಒಣಗಿದಾಗ ನೀರು ಹಾಕಿ. ಮತ್ತೆ, ಅದಕ್ಕೆ ಲಾಳ ಕಟ್ಟಬೇಡಿ.