ಒಲೆ ಒಡೆದವರನ್ನು ಮೊದಲು ಕೇಳಿ

ಓದುಗರ ಪತ್ರ: ‘ಮೂರು ವರ್ಷದ ಹಿಂದೆ ನಮ್ಮ ಮಹಿಳಾ ಸಂಘದಿಂದ ಊರಿನ ನಲವತ್ತು ಮನೆಗಳಿಗೆ ಹೊಗೆರಹಿತ ಒಲೆ ಹಾಕಿಸಿದೆವು. ಈಗ ಒಂಬತ್ತು ಉಳಿದಿವೆ. ಕೆಲವರು ಒಲೆ ಒಡೆದು ಮತ್ತೆ ಮೂರು ಕಲ್ಲು ಹೂಡಿದ್ದಾರೆ. ಗ್ಯಾಸ್ ಇದ್ದವರೂ ಸೌದೆ ಉರಿಸುತ್ತಾರೆ. ನಮ್ಮ ಹೆಂಗಸರಿಗೆ ತಿಳಿವಳಿಕೆ ಬರುವುದು ಯಾವಾಗ? ಈ ಕೆಲಸ ಬಿಟ್ಟುಬಿಡಲೇ?’
(ಕುಣಿಗಲ್ ತಾಲ್ಲೂಕಿನ ಓದುಗರೊಬ್ಬರು)

ಅಮ್ಮ,

ಬಿಡಬೇಡಿ. ಆದರೆ ‘ತಿಳಿವಳಿಕೆ’ ಎಂದಿದ್ದೀರಲ್ಲ, ಆ ಮಾತನ್ನು ನಾನು ಒಪ್ಪುವುದಿಲ್ಲ. ಹೊಗೆ ಕೆಟ್ಟದ್ದೆಂದು ಒಲೆಯ ಮುಂದೆ ಕೂತವಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮಳೆಗಾಲದಲ್ಲಿ ಹಸಿ ಸೌದೆ ಹತ್ತದೆ, ಒಂದು ಕೈಯಲ್ಲಿ ಊದುಗೊಳವೆ ಹಿಡಿದು ಇನ್ನೊಂದು ಕೈಯಲ್ಲಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದ ನನ್ನ ತಾಯಿಗೆ ಅದು ಚೆನ್ನಾಗಿ ಗೊತ್ತಿತ್ತು. ಜಂತೆಯ ಇಲ್ಲಣ ಸಾರಿಗೆ ಉದುರದಂತೆ ಅವಳು ಪಾತ್ರೆಗೆ ತಟ್ಟೆ ಮುಚ್ಚುತ್ತಿದ್ದಳು. ತನ್ನ ಎದೆಯೊಳಗೆ ಇಳಿಯುತ್ತಿದ್ದುದಕ್ಕೆ ಮುಚ್ಚುವಂಥದ್ದು ಏನೂ ಇರಲಿಲ್ಲ. ಐವತ್ತು ತುಂಬುವ ಮೊದಲೇ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿತ್ತು. ಬೀಡಿ ಮುಟ್ಟದ ಹೆಂಗಸಿಗೆ ಈ ಉಬ್ಬಸ ಎಲ್ಲಿಂದ ಬಂತೆಂದು ಮನೆಯಲ್ಲಿ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಮನೆಯೊಳಗಿನ ಹೊಗೆಯಿಂದ 2020ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅವರಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಮಂದಿ ಐದು ವರ್ಷ ತುಂಬದ ಮಕ್ಕಳು, ಅಂದರೆ ಅಡುಗೆ ಮಾಡುವಾಗ ತಾಯಿಯ ಸೊಂಟದ ಮೇಲೆ, ಮಡಿಲಲ್ಲಿ ಇದ್ದವರು. ಆದ್ದರಿಂದಲೇ ಬಿಡಬೇಡಿ ಎಂದೆ.

ಹಾಗಾದರೆ ಒಲೆ ಒಡೆದದ್ದೇಕೆ? ನಿಮ್ಮ ತಾಲ್ಲೂಕಿನ ಕಥೆಯನ್ನೇ ಹೇಳುತ್ತೇನೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು ಹಳ್ಳಿಗಳಿಗಾಗಿ ‘ಅಸ್ತ್ರ’ ಎಂಬ ವಿಭಾಗ ಕಟ್ಟಿದರು. ಅದರ ಕ್ಷೇತ್ರ ಕೇಂದ್ರ ಇದ್ದದ್ದು ನಿಮ್ಮ ಉಂಗ್ರದಲ್ಲಿ. ಹತ್ತಿರದ ಪುರ ಗ್ರಾಮದಲ್ಲಿ ಅವರು ಊರಿಗೆಲ್ಲ ಅಡುಗೆಗೆ ಗೋಬರ್ ಗ್ಯಾಸ್ ಕೊಡಲು ಹೊರಟರು. ಕೆಲಸ ಕೈಗೂಡಲಿಲ್ಲ. ಎಲ್ಲ ಮನೆಯ ಅಡುಗೆಗೆ ಸಾಲುವಷ್ಟು ಸಗಣಿ ಇರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಸೌದೆ ಹೇಗೋ ಸಿಗುತ್ತಿತ್ತು, ಆ ಹೆಂಗಸರಿಗೆ ಬೇಕಾಗಿದ್ದದ್ದು ನೀರು. ರೆಡ್ಡಿಯವರ ತಂಡ ಆ ಮಾತಿಗೆ ಕಿವಿಗೊಟ್ಟಿತು. 1987ರ ಹೊತ್ತಿಗೆ ಅದೇ ಗ್ಯಾಸಿನಿಂದ ವಿದ್ಯುತ್ ಬಂತು, ಊರಿಗೆ ನಲ್ಲಿ ನೀರು ಬಂತು, ಮನೆಗಳಲ್ಲಿ ದೀಪ ಹತ್ತಿತು. ಅಷ್ಟು ದೊಡ್ಡ ವಿಜ್ಞಾನಿ ತನ್ನ ಯೋಜನೆಯನ್ನು ಊರಿನವರ ಮಾತಿನಂತೆ ತಿದ್ದಿಕೊಂಡರು ಎಂಬುದನ್ನು ನಾನು ಬಹಳ ಗೌರವದಿಂದ ನೆನೆಯುತ್ತೇನೆ.

ಅಸ್ತ್ರ ಒಲೆಯನ್ನು ರೂಪಿಸಿದ್ದೂ ಆ ವಿಭಾಗದವರೇ. ಸೌದೆ ಕಬ್ಬಿಣದ ಜಾಲರಿಯ ಮೇಲೆ ಕೂರುತ್ತದೆ, ಕೆಳಗಿನಿಂದ ಗಾಳಿ ಬರುತ್ತದೆ, ಉರಿ ಒಳದಾರಿಯಲ್ಲಿ ಹರಿದು ಮೂರು ಪಾತ್ರೆಗಳನ್ನು ಕಾಯಿಸಿ ಆಮೇಲೆ ಕೊಳವೆ ಹತ್ತುತ್ತದೆ. ಒಳ್ಳೆಯ ಒಲೆ, ಸೌದೆಯೂ ಉಳಿಯುತ್ತದೆ. ಆದರೆ ಸೌದೆಯನ್ನು ಸಣ್ಣಗೆ ಕಡಿದು ಹಾಕಬೇಕು. ಒಮ್ಮೆ ಒಬ್ಬಾಕೆ ತೋಳುದ್ದದ ತೆಂಗಿನ ಮಟ್ಟೆಯನ್ನು ಅಂಥ ಒಲೆಯ ಬಾಯಿಗೆ ಹಿಡಿದು ನನಗೆ ತೋರಿಸಿದರು. ಮುಕ್ಕಾಲು ಪಾಲು ಹೊರಗೇ ಉಳಿಯಿತು. ‘ಇದನ್ನು ದಿನಾ ಸೀಳಿಕೊಡುವವರು ಯಾರು?’ ಎಂದರು. ಮೂರು ಕಲ್ಲಿನ ಒಲೆಯಾದರೆ ಉರಿದಷ್ಟೂ ಮುಂದೆ ತಳ್ಳಿದರಾಯಿತು. ಅವರ ಅಡುಗೆಮನೆಯ ಹೆಂಚಿನಲ್ಲಿ ಕೊಳವೆ ಹಾದುಹೋದ ಕಡೆ ಮಳೆ ನೀರು ಸೋರಿ ಗೋಡೆ ನೆನೆದಿತ್ತು. ಕೊಳವೆಯೊಳಗೆ ಮಸಿ ಕಟ್ಟಿ ಹೊಗೆ ತಿರುಗಿ ಬರುತ್ತಿತ್ತು. ಇನ್ನು ಮುದ್ದೆ ತೊಳಸುವ ಪಾತ್ರೆ ಒಲೆಯ ತೂತಿಗೆ ಕೂರದಿದ್ದರಂತೂ ಮುಗಿಯಿತು.

ಕೇಂದ್ರ ಸರ್ಕಾರ 1980ರ ದಶಕದಲ್ಲಿ ಆರಂಭಿಸಿದ ಸುಧಾರಿತ ಒಲೆಗಳ ಕಾರ್ಯಕ್ರಮವೂ ಹೀಗೆಯೇ ಸೊರಗಿತು. ಮೂರು ಕೋಟಿಗೂ ಹೆಚ್ಚು ಒಲೆ ಹಾಕಿಸಿ 2002ರಲ್ಲಿ ನಿಲ್ಲಿಸಿದರು. ಒಡಿಶಾದ ಹಳ್ಳಿಗಳಲ್ಲಿ ಅರ್ಥಶಾಸ್ತ್ರಜ್ಞರಾದ ರೇಮಾ ಹನ್ನಾ, ಎಸ್ತರ್ ಡುಫ್ಲೊ ಮತ್ತು ಮೈಕೆಲ್ ಗ್ರೀನ್‌ಸ್ಟೋನ್ ಹೊಸ ಒಲೆ ಕೊಟ್ಟ ಮನೆಗಳನ್ನು ವರ್ಷಗಟ್ಟಲೆ ಗಮನಿಸಿದಾಗ ಕಂಡದ್ದೂ ಇದೇ. ಮೊದಲ ವರ್ಷ ಒಳಗೆ ಹೋಗುವ ಹೊಗೆ ಕಡಿಮೆಯಾಯಿತು, ಮುಂದೆ ಆ ಲಾಭ ಉಳಿಯಲಿಲ್ಲ. ಜನ ಒಲೆಯನ್ನು ಸರಿಯಾಗಿ ಬಳಸಲಿಲ್ಲ, ರಿಪೇರಿ ಮಾಡಿಸಲಿಲ್ಲ. ನೀವು ನಲವತ್ತು ಒಲೆ ಹಾಕಿಸಿದಿರಲ್ಲ, ಕೊಳವೆ ಗುಡಿಸಲು, ಬಿರುಕಿಗೆ ಮಣ್ಣು ಮೆತ್ತಲು ಊರಿನಲ್ಲಿ ಒಬ್ಬರನ್ನಾದರೂ ನೇಮಿಸಿದ್ದಿರಾ? ನಿಮ್ಮ ಪತ್ರದಲ್ಲಿ ಆ ಮಾತಿಲ್ಲ.

ಒಂದನ್ನು ಮುಚ್ಚಿಡಬಾರದು. ‘ಹೊಗೆರಹಿತ’ ಎಂಬ ಹೆಸರು ಪೂರ್ತಿ ನಿಜವಲ್ಲ. ಕೊಳವೆ ಹೊಗೆಯನ್ನು ಅಡುಗೆಮನೆಯಿಂದ ಓಣಿಗೆ ದಾಟಿಸುತ್ತದೆ, ಒತ್ತೊತ್ತಾಗಿ ಮನೆಗಳಿದ್ದರೆ ಅದು ಪಕ್ಕದ ಮನೆಯ ಕಿಟಕಿಯಲ್ಲಿ ನುಗ್ಗುತ್ತದೆ. ಆರೋಗ್ಯದ ಲೆಕ್ಕದಲ್ಲಿ ಗ್ಯಾಸೇ ಮೇಲು, ಗೋಬರ್ ಗ್ಯಾಸೂ ಆದೀತು. ಎರಡು ಘನ ಮೀಟರ್‌ನ ಗೋಬರ್ ಗ್ಯಾಸ್ ಗುಂಡಿಗೆ ದಿನಕ್ಕೆ ಸುಮಾರು 50 ಕಿಲೋ ಸಗಣಿ ಬೇಕು, ಎಂದರೆ ಕೊಟ್ಟಿಗೆಯಲ್ಲಿ ನಾಲ್ಕೈದು ರಾಸು. ಅಷ್ಟಿರುವ ಮನೆಗಳನ್ನು ಮೊದಲು ಗುರುತಿಸಿ.

ಗ್ಯಾಸ್ ಇದ್ದೂ ಸೌದೆ ಏಕೆ ಎಂದಿರಿ. ಉಜ್ವಲಾ ಯೋಜನೆ 2016ರ ಮೇ 1ರಂದು ಶುರುವಾದ ಮೇಲೆ ಕೋಟ್ಯಂತರ ಮನೆಗಳಿಗೆ ಸಿಲಿಂಡರ್ ತಲುಪಿತು, ಅದು ಸಣ್ಣ ಕೆಲಸವಲ್ಲ. ಆದರೆ ಖಾಲಿಯಾದ 14.2 ಕಿಲೋ ಸಿಲಿಂಡರ್ ತುಂಬಿಸಲು ಒಮ್ಮೆಗೇ ದುಡ್ಡು ಬೇಕು, ಸೌದೆಗೆ ಬೇಡ. ಕುಟುಂಬ ಆರೋಗ್ಯ ಸಮೀಕ್ಷೆಯವರು ಅಡುಗೆಗೆ ಮುಖ್ಯವಾಗಿ ಏನು ಬಳಸುತ್ತೀರಿ ಎಂದು ಕೇಳುತ್ತಾರೆ, ‘ಗ್ಯಾಸ್’ ಎಂದರೆ ಆ ಮನೆ ಶುದ್ಧ ಇಂಧನದ ಪಟ್ಟಿಗೆ ಸೇರುತ್ತದೆ. ಹಿತ್ತಲ ಬಾಗಿಲ ಪಕ್ಕದ ಬಚ್ಚಲೊಲೆಯನ್ನು ಯಾರು ಕೇಳುತ್ತಾರೆ? ಮನೆಮಂದಿಗೆಲ್ಲ ದಿನವೂ ಹಂಡೆ ಕಾಯಬೇಕು. ಸಿಲಿಂಡರಿನಲ್ಲಿ ಅಷ್ಟು ನೀರು ಕಾಯಿಸಲು ಯಾವ ಬಡ ಮನೆಗೂ ಧೈರ್ಯ ಬರುವುದಿಲ್ಲ. ಅನ್ನ, ಸಾರು, ಕಾಫಿ ಗ್ಯಾಸಿನ ಮೇಲಾದರೂ ಕರಟ, ಮಟ್ಟೆಯ ಹೊಗೆ ಬಚ್ಚಲಿನಿಂದ ಒಳಮನೆಗೆ ಬರುತ್ತಲೇ ಇರುತ್ತದೆ. ನನ್ನನ್ನು ಕೇಳಿದರೆ ನಿಮ್ಮ ಸಂಘ ಮುಂದಿನ ಹಣವನ್ನು ಹಂಡೆಯ ಒಲೆಗೇ ಹಾಕಬೇಕು. ಅದನ್ನು ಮನೆಯ ಗೋಡೆಯಿಂದ ದೂರಕ್ಕೆ ಸರಿಸಿ, ಮೇಲೊಂದು ಮಾಡು ಹಾಕಿಸಿ, ಕೊಳವೆಯನ್ನು ಮಾಡಿಗಿಂತ ಎತ್ತರಕ್ಕೆ ಏರಿಸಿ. ಕೈಲಾದವರು ಸೌರ ಹೀಟರ್ ಹಾಕಿಸಿಕೊಳ್ಳಲಿ.

ಅದಕ್ಕೂ ಮೊದಲು ಒಲೆ ಉಳಿಯದ ಮೂವತ್ತೊಂದು ಮನೆಗಳಿಗೆ ಹೋಗಿ. ಬುದ್ಧಿ ಹೇಳಲು ಬೇಡ, ಮಧ್ಯಾಹ್ನ ಅಡುಗೆಯ ಹೊತ್ತಿಗೆ ಹೋಗಿ ಅವರ ಪಕ್ಕದಲ್ಲಿ ಕುಳಿತು ನೋಡಿ, ಯಾವ ಪಾತ್ರೆ ಕೂರಲಿಲ್ಲ, ಎಲ್ಲಿ ಸೋರಿತು ಎಂದು ಕೇಳಿ. ಉಳಿದ ಒಂಬತ್ತು ಮನೆಗಳಲ್ಲಿ ಕೊಳವೆ ಗುಡಿಸುವವರು ಯಾರೆಂದೂ ಕೇಳಿ. ಅವರು ಹೇಳಿದ್ದನ್ನು ಹೇಳಿದಂತೆಯೇ ಬರೆದು ಕಳುಹಿಸಿ, ಎಷ್ಟು ಪುಟವಾದರೂ ಸರಿ, ಅಚ್ಚು ಮಾಡುತ್ತೇವೆ.

ಸಂಪಾದಕ