ಐ7 ಅಂದಾಕ್ಷಣ ರೊಕ್ಕ ತೆಗೀಬೇಡಿ: ಟಿವಿ ಕಂಪ್ಯೂಟರ್ ಪ್ರಶ್ನೆಗಳಿಗೆ ತಜ್ಞರ ಉತ್ತರ

ಟಿವಿಗೆ ಹಚ್ಚುವ ಕಂಪ್ಯೂಟರ್ ಬಗ್ಗೆ ಬರುವ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ತೆರನಾದವು. ಅದೇ ತಪ್ಪು ಸಲಹೆ ಅಂಗಡಿಯಿಂದ ಅಂಗಡಿಗೆ ಹಬ್ಬಿದೆ. ಹಾಗಾಗಿ ಈ ಸಲ ಮೊದಲ ಪ್ರಶ್ನೆಗೇ ಹೆಚ್ಚು ಜಾಗ. ವಿಂಡೋಸ್ ಹಾಕುವುದು ಹೇಗೆ, ವೈಫೈ ಜೋಡಿಸುವುದು ಹೇಗೆ ಎಂಬುದನ್ನೆಲ್ಲ ಇಲ್ಲಿ ಹೇಳುವುದಿಲ್ಲ.

ಪ್ರಶ್ನೆ: ಮನ್ಯಾಗ 43 ಇಂಚಿನ 4ಕೆ ಟಿವಿ ಐತ್ರಿ. ಮದುವಿ ವಿಡಿಯೊ, ನಾಟಕದ ರೆಕಾರ್ಡಿಂಗು, ಸಿನಿಮಾ ಎಲ್ಲಾ ಹಾರ್ಡ್‌ಡಿಸ್ಕ್‌ನ್ಯಾಗ ಅದಾವ. ಟಿವಿಗೆ ಹಚ್ಚಾಕ ಕಂಪ್ಯೂಟರ್ ಬೇಕು, 25 ಸಾವಿರದೊಳಗ ಆಗಬೇಕು. ಅಂಗಡಿಯವರು ‘ಐ7, 4 ಜಿಬಿ ಗ್ರಾಫಿಕ್ಸ್ ಕಾರ್ಡ್ ಹಾಕಿ 18 ಸಾವಿರಕ್ಕ ಕೊಡ್ತೀನಿ’ ಅಂತಾರ. ತಗೋಬೇಕೋ ಬ್ಯಾಡೋ? (ವಿಜಯಪುರ)

ಉತ್ತರ: ಬೇಡ. ಅರ್ಧ ಬೆಲೆಗೆ ಕೊಟ್ಟರೂ ಬೇಡ.

‘ಐ7’ ಎಂಬುದು ಇಂಟೆಲ್ ಕಂಪನಿಯ ಪ್ರೊಸೆಸರ್ ಚಿಪ್ಪುಗಳ ಒಂದು ಸಾಲಿನ ಹೆಸರು, ಅದರಿಂದ ಏನೂ ತಿಳಿಯುವುದಿಲ್ಲ. ಅದರ ಮುಂದಿನ ಸಂಖ್ಯೆ ಕೇಳಿ. ಐ7-3770 ಎಂದರೆ ಮೂರನೇ ಜನರೇಷನ್, 2012ರ ಚಿಪ್. ಐ5-8500 ಎಂಟನೆಯದು, ಐ5-10500 ಹತ್ತನೆಯದು. ಸಿದ್ಧೇಶ್ವರ ಜಾತ್ರೆಯಲ್ಲಿ ಎತ್ತು ಕೊಳ್ಳುವಾಗ ಹಲ್ಲು ನೋಡದೆ ಯಾರೂ ರೊಕ್ಕ ಎಣಿಸುವುದಿಲ್ಲ. ಇಲ್ಲಿ ಆ ಸಂಖ್ಯೆಯೇ ಹಲ್ಲು. ಈ ಬೆಲೆಯಲ್ಲಿ ‘ಐ7’ ಎಂದು ಮಾರುವುದು ಹೆಚ್ಚಾಗಿ ಎರಡನೇ ಇಲ್ಲವೇ ಮೂರನೇ ಜನರೇಷನ್ನಿನ ಹಳೆ ಚಿಪ್. ಅದರಡಿ ಅಷ್ಟೇ ಹಳೆಯ ಎಚ್61 ಮದರ್‌ಬೋರ್ಡ್, ಸುತ್ತ ಹೊಸ ಕ್ಯಾಬಿನೆಟ್, ಬಣ್ಣದ ಲೈಟಿನ ಫ್ಯಾನು. ಬಿಲ್ಲಿನಲ್ಲಿ ಚಿಪ್ಪಿನ ಪೂರ್ತಿ ಸಂಖ್ಯೆ ಬರೆಯಲು ಒಪ್ಪದ ಅಂಗಡಿಯಿಂದ ಎದ್ದು ಬನ್ನಿ.

ಜನರೇಷನ್ ಇಷ್ಟು ಮುಖ್ಯವಾಗಲು ಕಾರಣವಿದೆ. 4ಕೆ ಸಿನಿಮಾಗಳು ಸಾಮಾನ್ಯವಾಗಿ ಎಚ್‌ಇವಿಸಿ ಎಂಬ ವಿಧಾನದಲ್ಲಿ, ಅದರಲ್ಲೂ 10 ಬಿಟ್‌ನಲ್ಲಿ ಅಡಕವಾಗಿರುತ್ತವೆ. ಅದನ್ನು ಬಿಚ್ಚಿ ಚಿತ್ರವಾಗಿಸುವ ಕೆಲಸಕ್ಕೆಂದೇ ಚಿಪ್ಪಿನೊಳಗೆ ಬೇರೆ ಭಾಗವೊಂದಿರುತ್ತದೆ. ಇಂಟೆಲ್‌ನಲ್ಲಿ 10 ಬಿಟ್ ಎಚ್‌ಇವಿಸಿಯನ್ನು ಪೂರ್ತಿ ಬಿಚ್ಚುವ ಭಾಗ ಬಂದದ್ದು ಏಳನೇ ಜನರೇಷನ್ನಿನಲ್ಲಿ. ಯೂಟ್ಯೂಬ್ ಈಗ ಬಳಸುವ ಎವಿ1 ಎಂಬ ಇನ್ನೊಂದು ವಿಧಾನಕ್ಕೆ ಹನ್ನೊಂದನೆಯದು ಬೇಕು. ಮೂರನೆಯದರಲ್ಲಿ ಎಚ್‌ಇವಿಸಿಗೆ ಅಂಥ ಭಾಗವೇ ಇಲ್ಲ. ಎಲ್ಲ ಭಾರ ಪ್ರೊಸೆಸರ್ ಮೇಲೆ ಬೀಳುತ್ತದೆ, ಬಳಕೆ ನೂರು ಪ್ರತಿಶತ ಮುಟ್ಟುತ್ತದೆ, ಚಿತ್ರ ತಡವರಿಸಿ ಮಾತು ಮುಂದೆ ಹೋಗುತ್ತದೆ. ಆಗ ಅಂಗಡಿಯವರು ‘ರ‍್ಯಾಮ್ ಕಡಿಮೆ ಆತು’ ಎಂದು ಇನ್ನಷ್ಟು ರೊಕ್ಕ ಕೀಳುತ್ತಾರೆ.

ಆ ‘4 ಜಿಬಿ ಕಾರ್ಡ್’ ಯಾವುದೆಂದು ಕೇಳಿ. ಜಿಟಿ 730 ಎಂದರೆ ಅದಕ್ಕೂ ಎಚ್‌ಇವಿಸಿ ಬಿಚ್ಚಲು ಬರುವುದಿಲ್ಲ. ಕಾರ್ಡಿನ ಜಿಬಿಗೂ ಸಿನಿಮಾ ಓಡುವುದಕ್ಕೂ ಸಂಬಂಧವಿಲ್ಲ. ನಿಮ್ಮ ಕೆಲಸಕ್ಕೆ ಕಾರ್ಡೇ ಬೇಡ.

ನಿಮ್ಮದು 4ಕೆ ಟಿವಿ, ಆದ್ದರಿಂದ ಇಂಟೆಲ್ ಎನ್100 ಚಿಪ್ಪಿನ ಮಿನಿ ಪಿಸಿ ತೆಗೆದುಕೊಳ್ಳಿ. ಇದು 2023ರ ಚಿಪ್, ಇದಕ್ಕೆ ನಮೂದಾದ ವಿದ್ಯುತ್ ಮಿತಿ 6 ವ್ಯಾಟ್. ಎಚ್‌ಇವಿಸಿ 10 ಬಿಟ್, ಎವಿ1 ಎರಡನ್ನೂ ಸಲೀಸಾಗಿ ಓಡಿಸುತ್ತದೆ. 8 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿ ಸಾಕು. ಎಚ್‌ಡಿಎಂಐ 2.0 ಅಥವಾ ಅದಕ್ಕಿಂತ ಹೊಸದು, 4ಕೆ 60 ಹರ್ಟ್ಸ್ (ಸೆಕೆಂಡಿಗೆ 60 ಚಿತ್ರ) ಎಂದು ಸ್ಪಷ್ಟವಾಗಿ ಬರೆದಿರಬೇಕು. ಪೆಟ್ಟಿಗೆಗೆ 17 ಸಾವಿರದ ಮೇಲೆ ಹೋಗಬೇಡಿ. ಉಳಿದದ್ದು ಹಾರ್ಡ್‌ಡಿಸ್ಕಿಗೆ, ಟಚ್‌ಪ್ಯಾಡ್ ಇರುವ ಸಣ್ಣ ವೈರ್‌ಲೆಸ್ ಕೀಬೋರ್ಡಿಗೆ. ಬಹುತೇಕ ಕಂಪ್ಯೂಟರುಗಳು ಟಿವಿ ರಿಮೋಟಿನ ಮಾತು ಕೇಳುವುದಿಲ್ಲ, ಆ ಕೀಬೋರ್ಡ್ ಬೇಕೇ ಬೇಕು.

ಫುಲ್ ಎಚ್‌ಡಿ ಟಿವಿ ಇರುವವರಿಗೆ ಮಾತ್ರ ಸೆಕೆಂಡ್ ಹ್ಯಾಂಡ್ ಆಫೀಸ್ ಮಿನಿ ಪಿಸಿ ಒಳ್ಳೆಯ ದಾರಿ: ಡೆಲ್ ಆಪ್ಟಿಪ್ಲೆಕ್ಸ್ ಮೈಕ್ರೋ, ಎಚ್‌ಪಿ ಎಲೈಟ್‌ಡೆಸ್ಕ್ ಮಿನಿ, ಲೆನೊವೊ ಥಿಂಕ್‌ಸೆಂಟರ್ ಟೈನಿ, ಎಂಟನೇ ಜನರೇಷನ್ ಅಥವಾ ನಂತರದ್ದು. ಇವುಗಳಲ್ಲಿ ಅನೇಕದರ ಎಚ್‌ಡಿಎಂಐ 1.4, ಅಂದರೆ 4ಕೆ ಟಿವಿಗೆ 30 ಹರ್ಟ್ಸ್ ಅಷ್ಟೇ. ಮೌಸ್ ಬಾಣವೂ ಎಳೆದೆಳೆದು ಬರುತ್ತದೆ. 60 ಬೇಕೆಂದರೆ ಡಿಸ್‌ಪ್ಲೇ ಪೋರ್ಟಿನಿಂದ ಎಚ್‌ಡಿಎಂಐ 2.0ಗೆ ಬದಲಿಸುವ ‘ಆ್ಯಕ್ಟಿವ್’ ಕನ್ವರ್ಟರ್ ಬೇಕು, ಅಗ್ಗದ ಪ್ಯಾಸಿವ್ ಪಿನ್ ನಡೆಯುವುದಿಲ್ಲ. ಕೊಳ್ಳುವ ಮುಂಚೆ ಆನ್ ಮಾಡಿದ ಕೂಡಲೇ ಕೀ ಒತ್ತಿ ಬಯೋಸ್ (ಕಂಪ್ಯೂಟರಿನ ಮೂಲ ಸೆಟ್ಟಿಂಗ್ ಪುಟ) ತೆರೆದು ನೋಡಿ: ಡೆಲ್‌ಗೆ ಎಫ್2, ಎಚ್‌ಪಿಗೆ ಎಫ್10, ಲೆನೊವೊಗೆ ಎಫ್1. ಪಾಸ್‌ವರ್ಡ್ ಕೇಳಿದರೆ ವಾಪಸ್ ಕೊಡಿ. ಹಿಂದಿನ ಕಂಪನಿ ಹಾಕಿದ ಬೀಗ ಅದು. ಅಡಾಪ್ಟರ್ ಅದೇ ಕಂಪನಿಯದಿರಲಿ. ಡೆಲ್ ಪಿನ್ನಿನ ನಡುವಿನ ಸಣ್ಣ ಸೂಜಿ ಅಡಾಪ್ಟರಿನ ಗುರುತು ಹೇಳುತ್ತದೆ, ನಕಲಿ ಹಾಕಿದರೆ ಪ್ರೊಸೆಸರ್ ವೇಗ ತಗ್ಗಿಸಿಕೊಂಡು ಕೂಡುತ್ತದೆ.

ಯಾವುದೇ ಪೆಟ್ಟಿಗೆ ಇರಲಿ, ಅಂಗಡಿಯಲ್ಲೇ ಪರೀಕ್ಷೆ ಮಾಡಿ. ಪೆನ್‌ಡ್ರೈವನ್ನು ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿ (ಫ್ಯಾಟ್32ರಲ್ಲಿ 4 ಜಿಬಿ ಮೀರಿದ ಫೈಲ್ ಕೂಡುವುದಿಲ್ಲ), 4ಕೆ ಎಚ್‌ಇವಿಸಿ 10 ಬಿಟ್ ವಿಡಿಯೊ ಒಂದನ್ನು ಒಯ್ಯಿರಿ. ವಿಎಲ್‌ಸಿಯಲ್ಲಿ ಓಡಿಸಿ, ಟಾಸ್ಕ್ ಮ್ಯಾನೇಜರಿನ ಪರ್ಫಾರ್ಮೆನ್ಸ್ ಪುಟದಲ್ಲಿ ಜಿಪಿಯು ಒತ್ತಿ. ‘ವಿಡಿಯೊ ಡೀಕೋಡ್’ ಗೆರೆ ಏರಿ ಸಿಪಿಯು ಕೆಳಗೇ ಇದ್ದರೆ ಸರಿ. ಆ ಗೆರೆ ಸೊನ್ನೆಯಲ್ಲಿದ್ದು ಸಿಪಿಯು ತುದಿ ಮುಟ್ಟಿದರೆ ಪೆಟ್ಟಿಗೆ ಬೇಡ. ಐದು ನಿಮಿಷದ ಕೆಲಸ. ಇದಕ್ಕೂ ಬಿಡದವರ ಹತ್ತಿರ ವ್ಯವಹಾರವೇ ಬೇಡ.

ಸಾಫ್ಟ್‌ವೇರಿಗೆ ಒಂದು ರೂಪಾಯಿ ಕೊಡಬೇಡಿ. ಸ್ವಂತ ಫೈಲ್ ನೋಡಲು ವಿಂಡೋಸ್ ಬದಲು ಹಾಕುವ ಉಚಿತ ಲಿಬ್ರೆಎಲೆಕ್ ಸಾಕು, ತೆರೆದರೆ ನೇರ ಕೋಡಿ ಎಂಬ ವಿಡಿಯೊ ಪ್ಲೇಯರ್ ಬರುತ್ತದೆ. ಕೋಡಿಯ ಪ್ಲೇಯರ್ ಸೆಟ್ಟಿಂಗಿನಲ್ಲಿ ‘ಅಡ್ಜಸ್ಟ್ ಡಿಸ್‌ಪ್ಲೇ ರಿಫ್ರೆಶ್ ರೇಟ್’ ಅನ್ನು ‘ಆನ್ ಸ್ಟಾರ್ಟ್/ಸ್ಟಾಪ್’ಗೆ ಇಡಿ. ಸಿನಿಮಾ ಸೆಕೆಂಡಿಗೆ 24 ಚಿತ್ರ, ಟಿವಿ 60. ಹೊಂದಿಕೆಯಿಲ್ಲದೆ ಕ್ಯಾಮೆರಾ ಅಡ್ಡ ತಿರುಗಿದಾಗೆಲ್ಲ ಜಗ್ಗಿದಂತಾಗುತ್ತದೆ. ಜನ ಇದಕ್ಕೆ ಹಾರ್ಡ್‌ಡಿಸ್ಕ್ ಬದಲಿಸುತ್ತಾರೆ! ಟಿವಿಯಲ್ಲಿ ಆ ಎಚ್‌ಡಿಎಂಐಗೆ ‘ಯುಎಚ್‌ಡಿ ಕಲರ್’ ಅಥವಾ ‘ಎನ್‌ಹಾನ್ಸ್ಡ್’ ಆಯ್ಕೆ ಆನ್ ಮಾಡಿ, ಇಲ್ಲದಿದ್ದರೆ ಎಚ್‌ಡಿಆರ್ (ಬೆಳಕು, ಬಣ್ಣ ಹೆಚ್ಚು ತೋರುವ ಚಿತ್ರ) ಬರುವುದಿಲ್ಲ.

ಪೆಟ್ಟಿಗೆಯನ್ನು ಶೋಕೇಸಿನ ಗಾಜಿನ ಬಾಗಿಲ ಹಿಂದೆ ಇಡಬೇಡಿ. ಏಪ್ರಿಲ್–ಮೇಯಲ್ಲಿ ನಮ್ಮಲ್ಲಿ ಹೊರಗೇ 40 ಡಿಗ್ರಿ ದಾಟುತ್ತದೆ. ಒಳಗೆ ಗಾಳಿ ಇಲ್ಲದೆ ಚಿಪ್ ತಾನಾಗಿ ವೇಗ ಇಳಿಸುತ್ತದೆ. ಸುತ್ತ ನಾಲ್ಕು ಬೆರಳು ಜಾಗ ಬಿಡಿ, ಬೇಸಿಗೆ ಶುರುವಾಗುವ ಮೊದಲು ಧೂಳು ತೆಗೆಸಿ.

ಪ್ರಶ್ನೆ: ಕಂಪ್ಯೂಟರ್ ಮುಟ್ಟಿದ್ರ ಜುಂ ಅಂತೈತಿ, ಟಿವಿಯ ಎಚ್‌ಡಿಎಂಐ ಪೋರ್ಟ್ ಎರಡನೇ ಸಲ ಸುಟ್ಟೈತಿ. ಕೇಬಲ್ ಬದಲಿಸಬೇಕಾ? (ಜಮಖಂಡಿ)

ಉತ್ತರ: ಕೇಬಲ್ ಅಲ್ಲ, ಅರ್ಥಿಂಗ್. ಕಂಪ್ಯೂಟರಿನ ಪವರ್ ಸಪ್ಲೈಯಿಂದ ಸ್ವಲ್ಪ ಕರೆಂಟು ಅದರ ಲೋಹದ ಮೈಗೆ (ಬಾಡಿ) ಸೋರುವುದು ಸಹಜ, ಅದು ಭೂಮಿಗೆ ಹೋಗಬೇಕು. ದಾರಿ ಇಲ್ಲದಿದ್ದರೆ ಬಾಡಿಯಲ್ಲೇ ನಿಲ್ಲುತ್ತದೆ. ಟಿವಿಗೆ ಡಿಶ್ ಇಲ್ಲವೇ ಕೇಬಲ್ ವೈರಿನಿಂದ ಬೇರೆ ಅರ್ಥ್ ಬಂದಿದ್ದರೆ, ಎಚ್‌ಡಿಎಂಐ ಸಿಕ್ಕಿಸಿದ ಕ್ಷಣ ಆ ವ್ಯತ್ಯಾಸವೆಲ್ಲ 5 ವೋಲ್ಟಿನ ನಾಜೂಕು ಚಿಪ್ಪಿನ ಮೂಲಕ ಹರಿಯುತ್ತದೆ. ಎರಿ ಮಣ್ಣು ಬೇಸಿಗೆಯಲ್ಲಿ ಬಿರಿದು ಅರ್ಥ್ ಪೈಪಿನಿಂದ ದೂರ ಸರಿಯುತ್ತದೆ, ಅದಕ್ಕೇ ಈ ದೂರು ಮಾರ್ಚ್ ನಂತರ ಹೆಚ್ಚು. ಎಲೆಕ್ಟ್ರಿಷಿಯನ್ ಕರೆಸಿ ಮೀಟರ್ ಹಿಡಿಸಿ. ಫೇಸ್–ನ್ಯೂಟ್ರಲ್ 230 ತೋರಿಸಿ ಫೇಸ್–ಅರ್ಥ್ ಬಹಳ ಕಡಿಮೆ ತೋರಿಸಿದರೆ ಅರ್ಥ್ ಕೆಟ್ಟಿದೆ ಅಥವಾ ಇಲ್ಲವೇ ಇಲ್ಲ. ಅರ್ಥ್ ಗುಂಡಿಗೆ ವಾರಕ್ಕೊಮ್ಮೆ ಒಂದು ಕೊಡ ನೀರು ಹಾಕಿ. ‘ನ್ಯೂಟ್ರಲ್‌ನ್ನೇ ಅರ್ಥ್‌ಗೆ ಜೋಡಿಸಿದ್ರ ಆತು’ ಎನ್ನುವವರನ್ನು ಮನೆಯೊಳಗೆ ಬಿಡಬೇಡಿ. ಹೊರಗೆಲ್ಲೋ ನ್ಯೂಟ್ರಲ್ ತುಂಡಾದರೆ ಮನೆಯ ಫ್ರಿಜ್, ಗೀಸರ್ ಬಾಡಿಗೆಲ್ಲ ಪೂರ್ತಿ ಕರೆಂಟು ಬರುತ್ತದೆ, ಜೀವ ಹೋಗುತ್ತದೆ. ಅರ್ಥಿಂಗ್ ಸರಿಯಾಗುವ ತನಕ ಎರಡೂ ಪ್ಲಗ್ ಕಿತ್ತು, ಡಿಶ್ ವೈರ್ ಬಿಚ್ಚಿದ ಮೇಲೆಯೇ ಎಚ್‌ಡಿಎಂಐ ಮುಟ್ಟಿ.

ಪ್ರಶ್ನೆ: ಒಟಿಟಿ ನೋಡಾಕಷ್ಟ ಬೇಕ್ರಿ. (ಗೋಕಾಕ)

ಉತ್ತರ: ಕಂಪ್ಯೂಟರ್ ತಗೋಬೇಡಿ. ಬ್ರೌಸರಿನಲ್ಲಿ ಬಹಳ ಸಲ ಟಿವಿಯ ಸ್ವಂತ ಆ್ಯಪ್‌ಗಿಂತ ಕಡಿಮೆ ಗುಣಮಟ್ಟ ಸಿಗುತ್ತದೆ.

ಪ್ರಶ್ನೆ: ಕರೆಂಟು ಹೋದಾಗ ಕಂಪ್ಯೂಟರ್ ರಿಸ್ಟಾರ್ಟ್ ಆಗ್ತೈತಿ, ಮನ್ಯಾಗ ಇನ್ವರ್ಟರ್ ಇದ್ರೂ. (ಬಾಗಲಕೋಟೆ)

ಉತ್ತರ: ಇನ್ವರ್ಟರ್ ಹಿಂದಿನ ಸ್ವಿಚ್ಚನ್ನು ‘ಯುಪಿಎಸ್’ ಕಡೆ ಹಾಕಿ.

ಪ್ರಶ್ನೆ: ಚಿನ್ನದ ಲೇಪದ 2 ಸಾವಿರದ ಎಚ್‌ಡಿಎಂಐ ಕೇಬಲ್ ಚಲೋ ಏನ್ರಿ? (ಬೆಳಗಾವಿ)

ಉತ್ತರ: ಎರಡು ಮೀಟರಿಗೆ ‘ಪ್ರೀಮಿಯಂ ಹೈ ಸ್ಪೀಡ್’ ಪ್ರಮಾಣಪತ್ರದ ಸಾದಾ ಕೇಬಲ್ ಸಾಕು.

ಪ್ರಶ್ನೆ: ‘ಎಲ್ಲಾ ಚಾನೆಲ್ ಜೀವನಪೂರ್ತಿ ಫ್ರೀ’ ಅನ್ನೋ ಆ್ಯಂಡ್ರಾಯ್ಡ್ ಬಾಕ್ಸ್ ಸಂತ್ಯಾಗ ಸಿಗತೈತಿ, ಹೆಂಗ? (ಮುದ್ದೇಬಿಹಾಳ)

ಉತ್ತರ: ಮನೆಯ ವೈಫೈಗೆ ಅದನ್ನು ಜೋಡಿಸಲೇಬೇಡಿ. ಹೆಸರಿಲ್ಲದ ಇಂಥ ಬಾಕ್ಸುಗಳಲ್ಲಿ ಕಾರ್ಖಾನೆಯಿಂದಲೇ ಬ್ಯಾಡ್‌ಬಾಕ್ಸ್ ಎಂಬ ಕುತಂತ್ರಾಂಶ ತುಂಬಿ ಬಂದದ್ದು 2023ರಲ್ಲೇ ಬಯಲಾಗಿದೆ. ಅದೇ ವೈಫೈಯಲ್ಲಿ ನಿಮ್ಮ ಬ್ಯಾಂಕಿನ ಆ್ಯಪ್ ಇರುವ ಫೋನೂ ಇರುತ್ತದೆ.